ಬಳ್ಳಾರಿಗೆ ಇಳಿದ ಟಪಾಲು ವಿಮಾನ: ಜೆ.ಆರ್.ಡಿ. ಟಾಟಾ ಮತ್ತು ಹವಾಮಾನದ ಕಥೆ

ತೋರಣಗಲ್ಲಿನಲ್ಲಿ ಜಿಂದಾಲ್‌ನವರ ವಿಮಾನ ನಿಲ್ದಾಣ ಆದಮೇಲೇ ನಮ್ಮ ಸೀಮೆಗೆ ವಿಮಾನ ಬಂತು ಅಂತ ನಮ್ಮಲ್ಲಿ ಬಹಳ ಜನ ಅಂದ್ಕೊಂಡಿದ್ದಾರೆ. ಹಾಗೇನಿಲ್ಲ. ಟಾಟಾ ಕಂಪನಿ 1932ರ ಅಕ್ಟೋಬರ್‌ನಲ್ಲಿ ಶುರು ಮಾಡಿದ ಮೊದಲ ವಿಮಾನ ಟಪಾಲಿನ ದಾರಿ ಕರಾಚಿ, ಅಹಮದಾಬಾದ್, ಮುಂಬೈ, ಬಳ್ಳಾರಿ, ಮದ್ರಾಸ್. ಹೌದು, ನಮ್ಮ ಬಳ್ಳಾರಿಯೇ. ಆಗ ಹೊಸಪೇಟೆ, ಹಂಪಿ, ಕಂಪ್ಲಿ ಎಲ್ಲಾ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಸಂಡೂರು ಬೇರೆಯೇ ಒಂದು ಸಂಸ್ಥಾನ. ತುಂಗಭದ್ರಾ ಡ್ಯಾಂ ಇನ್ನೂ ಕಟ್ಟಿರಲಿಲ್ಲ.

ಆ ಟಪಾಲು ಶುರು ಮಾಡಿದ ಜೆ.ಆರ್.ಡಿ. ಟಾಟಾ ಹೆಸರು ಎಲ್ಲರಿಗೂ ಗೊತ್ತು. ಉಕ್ಕು, ಲಾರಿ, ಏರ್ ಇಂಡಿಯಾ ಅಂತ ಅವರ ಬಗ್ಗೆ ಬೇಕಾದಷ್ಟು ಓದಿರ್ತೀರಿ. ಇಲ್ಲಿ ಹೇಳೋದು ಇನ್ನೊಂದು ವಿಷಯ: ಮುಂದೆ ಏನು ಹವಾಮಾನ ಇದೆ ಅಂತ ಗೊತ್ತಿಲ್ಲದೆ ಹಾರಿದ ಮನುಷ್ಯನ ಕಥೆ.

ಜೆ.ಆರ್.ಡಿ. ಹುಟ್ಟಿದ್ದು 1904ರ ಜುಲೈ 29ರಂದು, ಪ್ಯಾರಿಸ್‌ನಲ್ಲಿ. ತಂದೆ ರತನ್‌ಜಿ ದಾದಾಭಾಯ್ ಟಾಟಾ, ತಾಯಿ ಫ್ರಾನ್ಸಿನ ಸುಜಾನ್. ಬೇಸಿಗೆ ರಜೆಗೆ ಹೋಗ್ತಿದ್ದ ಸಮುದ್ರ ತೀರದ ಊರಲ್ಲಿ ಲೂಯಿ ಬ್ಲೇರಿಯೋ ಅವರ ಮನೆ ಹತ್ತಿರವೇ ಇತ್ತು. 1909ರಲ್ಲಿ ಇಂಗ್ಲಿಷ್ ಕಾಲುವೆಯನ್ನ ಮೊದಲ ಸಲ ವಿಮಾನದಲ್ಲಿ ದಾಟಿದವರು ಇದೇ ಬ್ಲೇರಿಯೋ. ಹುಡುಗನ ತಲೆಗೆ ವಿಮಾನದ ಹುಚ್ಚು ಹತ್ತಿದ್ದು ಅಲ್ಲೇ.

ಕೇಂಬ್ರಿಜ್‌ನಲ್ಲಿ ಎಂಜಿನಿಯರಿಂಗ್ ಓದಬೇಕು ಅಂತ ಅವರಿಗೆ ಬಹಳ ಆಸೆ ಇತ್ತು. 1925ರಲ್ಲಿ ತಂದೆ ಕಂಪನಿ ಕೆಲಸಕ್ಕೆ ಕರೆಸಿಕೊಂಡರು, ಸಂಬಳ ಇಲ್ಲದ ಅಪ್ರೆಂಟಿಸ್ ಆಗಿ ಸೇರಿದರು. ಮರುವರ್ಷವೇ ತಂದೆ ತೀರಿಕೊಂಡರು. ಡಿಗ್ರಿ ಆಗಲೇ ಇಲ್ಲ. (ಬ್ಯಾಕ್‌ಲಾಗ್ ಇರೋರು ಇದನ್ನ ಮನೆಯಲ್ಲಿ ಉದಾಹರಣೆ ಕೊಡಬೇಡಿ, ಅವರ ಮನೆತನದ ಹೆಸರು ಟಾಟಾ.) 1929ರ ಫೆಬ್ರವರಿ 10ಕ್ಕೆ ಪೈಲಟ್ ಲೈಸೆನ್ಸ್ ಸಿಕ್ಕಿತು. ಭಾರತದಲ್ಲಿ ಕೊಟ್ಟ ಲೈಸೆನ್ಸ್‌ಗಳಲ್ಲಿ ಅದರ ನಂಬರು 1.

ಮರುವರ್ಷ, ಭಾರತ ಮತ್ತು ಇಂಗ್ಲೆಂಡ್ ನಡುವೆ ಒಬ್ಬರೇ ಹಾರಿದ ಭಾರತೀಯನಿಗೆ ಆಗಾ ಖಾನ್ ಬಹುಮಾನ ಇಟ್ಟರು. ಜೆ.ಆರ್.ಡಿ. ಕರಾಚಿಯಿಂದ ಹೊರಟರು, ಆಸ್ಪಿ ಎಂಜಿನಿಯರ್ ಅನ್ನೋ ಹುಡುಗ ಇಂಗ್ಲೆಂಡಿನಿಂದ ಹೊರಟ. ಈಜಿಪ್ಟಿನಲ್ಲಿ ಇಬ್ಬರೂ ಎದುರಾದಾಗ ಆಸ್ಪಿಯ ಹತ್ತಿರ ಸ್ಪಾರ್ಕ್ ಪ್ಲಗ್ ಇರಲಿಲ್ಲ, ಜೆ.ಆರ್.ಡಿ. ತಮ್ಮ ಹತ್ತಿರ ಇದ್ದದ್ದನ್ನ ಕೊಟ್ಟರು. ಗೆದ್ದದ್ದು ಆಸ್ಪಿ, ಕೆಲವೇ ಗಂಟೆಗಳ ಅಂತರದಲ್ಲಿ. ಮುಂದೆ ಆತ ಭಾರತೀಯ ವಾಯುಪಡೆಯ ಮುಖ್ಯಸ್ಥರಾದರು.

ಟಪಾಲು ವಿಮಾನದ ಯೋಜನೆ ತಂದದ್ದು ನೆವಿಲ್ ವಿನ್ಸೆಂಟ್ ಎಂಬ ಬ್ರಿಟಿಷ್ ಪೈಲಟ್. ಲಂಡನ್ನಿನ ಟಪಾಲನ್ನ ಇಂಪೀರಿಯಲ್ ಏರ್‌ವೇಸ್ ಕರಾಚಿವರೆಗೆ ತರುತ್ತಿತ್ತು, ಅಲ್ಲಿಂದ ಮುಂದೆ ನಾವು ಒಯ್ಯೋಣ ಅನ್ನೋದು ಲೆಕ್ಕ. 1932ರ ಅಕ್ಟೋಬರ್ 15ರಂದು ಜೆ.ಆರ್.ಡಿ. ಸುಮಾರು 25 ಕೆಜಿ ಟಪಾಲು ಹೊತ್ತ ಪುಸ್ ಮಾತ್ ವಿಮಾನ ಹತ್ತಿ ಕರಾಚಿಯಿಂದ ಹೊರಟರು. ಅಹಮದಾಬಾದಿನಲ್ಲಿ ಪೆಟ್ರೋಲ್ ಡಬ್ಬಗಳು ಬಂದದ್ದು ಎತ್ತಿನ ಗಾಡಿಯಲ್ಲಿ. ಮುಂಬೈಯ ಜುಹುವಿನಲ್ಲಿ ಅವರು ಇಳಿದರು, ಟಪಾಲನ್ನ ಬಳ್ಳಾರಿ ಮೇಲೆ ಮದ್ರಾಸಿಗೆ ಒಯ್ದದ್ದು ವಿನ್ಸೆಂಟ್.

ಈಗ ಆ ಕಾಕ್‌ಪಿಟ್ ನೆನೆಸಿಕೊಳ್ಳಿ. ಒಂದೇ ಎಂಜಿನ್. ರೇಡಿಯೋ ಇಲ್ಲ, ನೆಲದಿಂದ ದಾರಿ ತೋರಿಸುವ ಯಾವ ಸಾಧನವೂ ಇಲ್ಲ. ಇದ್ದದ್ದು ದಿಕ್ಸೂಚಿ, ವೇಗ ತೋರಿಸುವ ಮುಳ್ಳು, ಎತ್ತರ ತೋರಿಸುವ ಆಲ್ಟಿಮೀಟರ್. ಉಳಿದದ್ದಕ್ಕೆ ನಕಾಶೆ, ನದಿ, ರೈಲು ಹಳಿ. ಮುಂಬೈ ಕಡೆಯಿಂದ ಬಳ್ಳಾರಿಗೆ ಬರೋರು ಮೊದಲು ಪಶ್ಚಿಮ ಘಟ್ಟ ದಾಟಬೇಕು, ಕೊನೆಗೆ ತುಂಗಭದ್ರೆ ದಾಟಬೇಕು. ನಡುವೆ ಸಿಗೋದು ದಖನ್ನಿನ ಕಾದ ನೆಲ. ಮಧ್ಯಾಹ್ನ ಆ ನೆಲದಿಂದ ಏಳುವ ಬಿಸಿಗಾಳಿ ಸಣ್ಣ ವಿಮಾನವನ್ನ ಹೇಗೆ ಎತ್ತಿ ಹಾಕುತ್ತೆ ಅಂತ ಬಳ್ಳಾರಿ ಬಿಸಿಲು ಗೊತ್ತಿರೋ ನಿಮಗೆ ಹೇಳಬೇಕಾಗಿಲ್ಲ. ಬಳ್ಳಾರಿ ಬಿಟ್ಟು ಮದ್ರಾಸಿನ ಕಡೆ ತಿರುಗಿದರೆ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹಿಂಗಾರು, ಬಂಗಾಳ ಕೊಲ್ಲಿಯ ಚಂಡಮಾರುತ.

ಆಲ್ಟಿಮೀಟರ್ ಅಂದರೆ ಒಳಗೆ ಇರೋದು ಬ್ಯಾರೋಮೀಟರೇ. ಗಾಳಿಯ ಒತ್ತಡ ಅಳೆದು ಅದನ್ನ ಎತ್ತರ ಅಂತ ತೋರಿಸುತ್ತೆ. ಮುಂದಿನ ಊರಲ್ಲಿ ಒತ್ತಡ 10 ಹೆಕ್ಟೋಪಾಸ್ಕಲ್ ಕುಸಿದಿದ್ದು ಪೈಲಟ್‌ಗೆ ಗೊತ್ತಾಗದಿದ್ದರೆ, ವಿಮಾನ ಮುಳ್ಳು ಹೇಳೋದಕ್ಕಿಂತ ಸುಮಾರು 80 ಮೀಟರ್ ಕೆಳಗೆ ಹಾರ್ತಾ ಇರುತ್ತೆ. ಘಟ್ಟದ ಮೋಡದೊಳಗೆ 80 ಮೀಟರ್ ಅಂದರೆ ಜೀವದ ಪ್ರಶ್ನೆ.

ಹವಾಮಾನ ಇಲಾಖೆ ಇರಲಿಲ್ಲವಾ? ಇತ್ತು, 1875ರಿಂದಲೂ ಇತ್ತು. ಬಲೂನು ಬಿಟ್ಟು ಥಿಯೋಡೊಲೈಟ್‌ನಲ್ಲಿ ಅದರ ಜಾಡು ಹಿಡಿದು ಮೇಲಿನ ಗಾಳಿ ಅಳೆಯುತ್ತಿದ್ದರು. ಆದರೆ ಮೋಡ ಕವಿದರೆ ಬಲೂನು ಕಾಣಲ್ಲ, ಅಂದರೆ ಬೇಕಾದ ದಿನವೇ ಮಾಹಿತಿ ಇಲ್ಲ. ರೇಡಿಯೋ ಇಲ್ಲದ ವಿಮಾನಕ್ಕೆ ನೆಲದಲ್ಲಿ ಗೊತ್ತಾದದ್ದನ್ನ ಹೇಳೋದೂ ಆಗಲ್ಲ, ಮೇಲೆ ಪೈಲಟ್ ಕಂಡದ್ದು ಇಳಿಯುವ ತನಕ ಕೆಳಗೆ ಬರಲ್ಲ. ಮಳೆಗಾಲದಲ್ಲಿ ಜುಹು ಮೈದಾನ ಮುಳುಗಿದಾಗ ಟಾಟಾದವರು ವಿಮಾನಗಳನ್ನ ಪುಣೆಗೆ ಸಾಗಿಸಿದರು. ತಮಾಷೆ ಅಂದರೆ ಹವಾಮಾನ ಇಲಾಖೆಯ ಮುಖ್ಯ ಕಚೇರಿಯೂ 1928ರಿಂದ ಅದೇ ಪುಣೆಯಲ್ಲಿತ್ತು.

ಇಷ್ಟೆಲ್ಲಾ ಇದ್ದೂ, ಮೊದಲ ವರ್ಷ ಮುಗಿದಾಗ ಮಳೆಗಾಲವೂ ಸೇರಿ ಒಂದೇ ಒಂದು ದಿನ ಟಪಾಲು ತಡವಾಗಿರಲಿಲ್ಲ. ಸರ್ಕಾರದ ವಿಮಾನಯಾನ ಇಲಾಖೆಯೇ ತನ್ನ ವರದಿಯಲ್ಲಿ ಇದನ್ನ ಹೊಗಳಿತು. ನನಗೆ ಮಾತ್ರ ಇದರಲ್ಲಿ ಶಿಸ್ತಿನಷ್ಟೇ ಅದೃಷ್ಟವೂ ಕಾಣುತ್ತೆ.

ಕೆಲವು ವರ್ಷಗಳಲ್ಲಿ ಬಳ್ಳಾರಿಯ ಜಾಗಕ್ಕೆ ಹೈದರಾಬಾದ್ ಬಂತು. ನಮ್ಮೂರಿನ ಪಾತ್ರ ಅಲ್ಲಿಗೆ ಮುಗಿಯಿತು. 1942ರಲ್ಲಿ ವಿನ್ಸೆಂಟ್ ಯುದ್ಧದ ಆಕಾಶದಲ್ಲಿ ಕಣ್ಮರೆಯಾದರು. 1946ರಲ್ಲಿ ಕಂಪನಿ ಏರ್ ಇಂಡಿಯಾ ಆಯಿತು, 1948ರ ಜೂನ್ 8ಕ್ಕೆ ಮಲಬಾರ್ ಪ್ರಿನ್ಸೆಸ್ ಎಂಬ ವಿಮಾನ ಮುಂಬೈನಿಂದ ಲಂಡನ್‌ಗೆ ಹಾರಿತು. ಜೆ.ಆರ್.ಡಿ. ಅದರಲ್ಲೇ ಕೂತಿದ್ದರು. ಎರಡು ವರ್ಷದ ನಂತರ, 1950ರ ನವೆಂಬರ್ 3ರಂದು, ಅದೇ ವಿಮಾನ ಜಿನೀವಾಕ್ಕೆ ಇಳಿಯಲು ಹೋಗ್ತಾ ಬಿರುಗಾಳಿಯ ಹವೆಯಲ್ಲಿ ಮೌಂಟ್ ಬ್ಲಾಂಕ್ ಪರ್ವತಕ್ಕೆ ಅಪ್ಪಳಿಸಿತು. 48 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಅಷ್ಟೊತ್ತಿಗೆ ವಿಮಾನಗಳಲ್ಲಿ ರೇಡಿಯೋ ಬಂದಿತ್ತು, ದೊಡ್ಡ ಎಂಜಿನ್‌ಗಳು ಬಂದಿದ್ದವು.

1953ರಲ್ಲಿ ಸರ್ಕಾರ ಏರ್ ಇಂಡಿಯಾವನ್ನ ರಾಷ್ಟ್ರೀಕರಣ ಮಾಡಿತು. ಅವರಿಗೆ ಇಷ್ಟ ಇರಲಿಲ್ಲ, ಆದರೂ ಅಧ್ಯಕ್ಷರಾಗಿ ಉಳಿದರು. 1958ರಲ್ಲಿ ಜಗತ್ತಿನ ವಿಮಾನ ಕಂಪನಿಗಳ ಸಂಘ ಐಯಾಟಾಕ್ಕೂ ಒಂದು ವರ್ಷ ಅಧ್ಯಕ್ಷರಾದರು. ಈ ಹೆಸರು ನೆನಪಿಟ್ಟುಕೊಳ್ಳಿ, ಯಾಕಂದ್ರೆ ವಿಮಾನಗಳು ಅಳೆದ ಹವಾಮಾನದ ಡೇಟಾವನ್ನ ಒಟ್ಟುಗೂಡಿಸಿ ಹಂಚುವ ಕೆಲಸವನ್ನ ಇವತ್ತು ವಿಶ್ವ ಹವಾಮಾನ ಸಂಸ್ಥೆ ಮಾಡ್ತಿರೋದು ಇದೇ ಐಯಾಟಾ ಜೊತೆ ಸೇರಿ. ಅದಕ್ಕೆ ಆಮ್ಡಾರ್ ಅಂತಾರೆ.

ಆಮ್ಡಾರ್‌ಗೆ ಹೆಚ್ಚಿನ ವಿಮಾನಗಳಲ್ಲಿ ಹೊಸ ಯಂತ್ರವೇನೂ ಬೇಡ. ಒತ್ತಡ, ಉಷ್ಣಾಂಶ ಅಳೆಯುವ ಸೆನ್ಸರ್‌ಗಳು ಹಾರೋದಕ್ಕೇ ಬೇಕು, ಹಾಗಾಗಿ ಇದ್ದೇ ಇರ್ತವೆ. ನೆಲಕ್ಕೆ ಹೋಲಿಸಿದ ವೇಗದ ವೆಕ್ಟರ್‌ನಿಂದ ಗಾಳಿಗೆ ಹೋಲಿಸಿದ ವೇಗದ ವೆಕ್ಟರ್ ಕಳೆದರೆ ಉಳಿಯೋದೇ ಗಾಳಿ. ಮೊದಲ ಸೆಮಿಸ್ಟರ್‌ನ ಲೆಕ್ಕ. ಒಂದು ಸಾಫ್ಟ್‌ವೇರ್ ಇದನ್ನ ರೇಡಿಯೋ ಮೂಲಕ ಕೆಳಗೆ ಕಳಿಸುತ್ತೆ. ವಿಮಾನ ಪ್ರತಿ ಸಲ ಏರಿದಾಗ, ಇಳಿದಾಗ ಒಂದು ಬಲೂನು ಬಿಟ್ಟಷ್ಟು ಮಾಹಿತಿ ಸಿಗುತ್ತೆ. 2020ರಲ್ಲಿ ಕೊರೊನಾದಿಂದ ವಿಮಾನಗಳು ನಿಂತಾಗ ಈ ಡೇಟಾ ಜಗತ್ತಿನಾದ್ಯಂತ ಮುಕ್ಕಾಲು ಭಾಗದಷ್ಟು ಬಿದ್ದುಹೋಗಿ, ಮುನ್ಸೂಚನೆ ಕೊಡೋರು ಚಿಂತೆಗೆ ಬಿದ್ದಿದ್ದರು.

1978ರಲ್ಲಿ ಮೊರಾರ್ಜಿ ದೇಸಾಯಿ ಸರ್ಕಾರ ಜೆ.ಆರ್.ಡಿ.ಯವರನ್ನ ಏರ್ ಇಂಡಿಯಾದಿಂದ ಇಳಿಸಿತು. 1982ರ ಅಕ್ಟೋಬರ್ 15ಕ್ಕೆ, 78ನೇ ವಯಸ್ಸಿನಲ್ಲಿ, ಅವರು ಮತ್ತೆ ಒಂದು ಹಳೇ ಲೆಪರ್ಡ್ ಮಾತ್ ವಿಮಾನ ಹತ್ತಿ ಕರಾಚಿಯಿಂದ ಮುಂಬೈಗೆ ಒಬ್ಬರೇ ಹಾರಿದರು. 1992ರಲ್ಲಿ ಭಾರತ ರತ್ನ ಬಂತು. 1993ರ ನವೆಂಬರ್ 29ರಂದು ಜಿನೀವಾದಲ್ಲಿ ತೀರಿಕೊಂಡರು.

ಇನ್ನು ನಮ್ಮ ತಲೆ ಮೇಲಿನ ಗಾಳಿಯ ವಿಷಯ. ಹವಾಮಾನ ಇಲಾಖೆಯ ಬಲೂನುಗಳು ದಿನಕ್ಕೆ ಒಂದೆರಡು ಸಲ ಏರೋದು ಬೆಂಗಳೂರು, ಮಂಗಳೂರು, ಹೈದರಾಬಾದ್, ಗೋವಾದಂಥ ಕಡೆಯಿಂದ. ಹೊಸಪೇಟೆಗೆ ಇವೆಲ್ಲಾ ನೂರಾರು ಕಿಲೋಮೀಟರ್ ದೂರ. ನಡುವೆ ಇರೋದು ಸಂಡೂರಿನ ತೋರಣಗಲ್ಲಿಗೆ ಬಂದು ಹೋಗುವ ವಿಮಾನ. ದೇಶದೊಳಗಿನ ವಿಮಾನಗಳು ಏರುವಾಗ, ಇಳಿಯುವಾಗ ಅಳೆದದ್ದನ್ನ ಹವಾಮಾನ ಇಲಾಖೆಗೆ ಕೊಡೋದು ಕಡ್ಡಾಯ ಮಾಡುವ ಯೋಚನೆ ಇದೆ ಅಂತ ಕೇಂದ್ರದ ಭೂವಿಜ್ಞಾನ ಸಚಿವಾಲಯ 2024ರ ಕೊನೆಯಲ್ಲಿ ಹೇಳಿತ್ತು.