ಸ್ಯಾಂಪಲ್ ಸೈಜ್: ಒಂದೇ ಹಳ್ಳಿ

ಪ್ರಾಜೆಕ್ಟ್‌ಗೆ ವಿಷಯ ಸಿಕ್ಕ ಕೂಡಲೇ ನಾವು ಮಾಡುವ ಮೊದಲ ಕೆಲಸ, ಗೂಗಲ್ ಫಾರಂ ತಯಾರಿಸಿ ಕ್ಲಾಸಿನ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕುವುದು. ಇನ್ನೂರು ಉತ್ತರ ಬಂದರೆ ಸಂಶೋಧನೆ ಮುಗಿದಂತೆ! ಯಾವ ಪ್ರಶ್ನೆಗೆ ಯಾವ ವಿಧಾನ ಹೊಂದುತ್ತದೆ ಎಂದು ಯೋಚಿಸುವವರು ಕಡಿಮೆ. ಹಾಗೆ ಯೋಚಿಸಿದ ಒಬ್ಬರು ನಮ್ಮ ಮೈಸೂರಿನಲ್ಲೇ ಇದ್ದರು. ಅವರು ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್. ನನ್ನ ವಯಸ್ಸಿನವರು ಹುಟ್ಟುವ ಮೊದಲೇ, 1999ರಲ್ಲಿ ತೀರಿಕೊಂಡರು.

1916ರಲ್ಲಿ ಹುಟ್ಟಿದ ಅವರು ಬೆಳೆದದ್ದು ಕಾಲೇಜು ರಸ್ತೆಯ ಅಯ್ಯಂಗಾರ್ ಮನೆಯಲ್ಲಿ. ಹಿತ್ತಿಲಾಚೆಗೇ ಕುರುಬರು ವಾಸವಿದ್ದ ಬಂಡಿಕೇರಿ. ಕೆಲವೇ ಹೆಜ್ಜೆ ದೂರದಲ್ಲಿ ಬದುಕು ಅಷ್ಟು ಬೇರೆಯಾಗಿರುವುದು ಹುಡುಗನ ಮನಸ್ಸಿನಲ್ಲಿ ಉಳಿಯಿತು. ಮಹಾರಾಜ ಕಾಲೇಜು, ಮುಂಬೈಯಲ್ಲಿ ಘುರ್ಯೆ ಅವರ ಶಿಷ್ಯತ್ವ, ಆಮೇಲೆ ಆಕ್ಸ್‌ಫರ್ಡ್.

ಅಲ್ಲೇ ಅಧ್ಯಾಪಕ ಹುದ್ದೆ ಸಿಕ್ಕಾಗ ಮೊದಲ ವರ್ಷವನ್ನು ಕ್ಷೇತ್ರಕಾರ್ಯಕ್ಕೆ ಬಳಸಲು ಅನುಮತಿ ದೊರೆಯಿತು. ಜಾತಿಗಳು ದಿನನಿತ್ಯದಲ್ಲಿ ಒಂದರೊಡನೊಂದು ಹೇಗೆ ನಡೆದುಕೊಳ್ಳುತ್ತವೆ ಎಂಬುದು ಅವರ ಪ್ರಶ್ನೆ. ಎರಡು ಬಗೆಯ ಕಾಂಕ್ರೀಟ್ ಕ್ಯೂಬುಗಳ ಬಲ ಹೋಲಿಸಲು ಉಳಿದದ್ದೆಲ್ಲ ಒಂದೇ ಇಟ್ಟು ಪ್ರಯೋಗ ಮಾಡಬಹುದು, ಜಾತಿಯನ್ನು ಲ್ಯಾಬಿಗೆ ತರಲಾಗದು. ಪ್ರಶ್ನಾವಳಿಗೂ ಮಿತಿಯಿದೆ. ಹಾಸ್ಟೆಲ್ ಮೆಸ್ಸಿನಲ್ಲಿ ಎಷ್ಟು ಅನ್ನ ಬಿಡುತ್ತೀರಿ ಎಂದು ಫಾರಂನಲ್ಲಿ ಕೇಳಿ ನೋಡಿ, ಎಲ್ಲರೂ ತಟ್ಟೆ ಖಾಲಿ ಮಾಡುವವರೇ. ಕೈ ತೊಳೆಯುವ ಜಾಗದ ಬಕೆಟ್ ಪಕ್ಕ ನಿಂತರೆ ಬೇರೆಯೇ ಉತ್ತರ ಸಿಗುತ್ತದೆ.

ಶ್ರೀನಿವಾಸ್ ಬಕೆಟ್ ಪಕ್ಕ ನಿಲ್ಲುವ ದಾರಿ ಹಿಡಿದರು. 1948ರಲ್ಲಿ ಮೈಸೂರಿನ ಹತ್ತಿರದ, ಹಲವು ಜಾತಿಗಳಿದ್ದ ಒಂದೇ ಹಳ್ಳಿಯನ್ನು ಆರಿಸಿ ಅಲ್ಲೇ ವಾಸವಿದ್ದರು. ಬರವಣಿಗೆಯಲ್ಲಿ ಅದಕ್ಕೆ ರಾಂಪುರ ಎಂದು ಬೇರೆ ಹೆಸರಿಟ್ಟರು. ಪಟೇಲರ ಎತ್ತುಗಳನ್ನು ಕಟ್ಟುತ್ತಿದ್ದ ಮನೆಯೇ ಬಿಡಾರ. ಗ್ರಂಥಗಳ ಪ್ರಕಾರ ಬ್ರಾಹ್ಮಣರು ಮೇಲೆ. ಆದರೆ ಊರಿನಲ್ಲಿ ಮಾತು ನಡೆಯುತ್ತಿದ್ದದ್ದು ಭೂಮಿಯೂ ಜನಬಲವೂ ಇದ್ದ ಒಕ್ಕಲಿಗರದ್ದು. ‘ಪ್ರಬಲ ಜಾತಿ’ ಎಂಬ ಪರಿಕಲ್ಪನೆ ಬೆಳೆದದ್ದು ಇಂಥ ನೋಟದಿಂದ.

ಈ ವಿಧಾನಕ್ಕೂ ಬೆಲೆ ತೆರಬೇಕಾಯಿತು. ಬ್ರಾಹ್ಮಣನೆಂದೇ ಊರು ಅವರನ್ನು ಕಂಡಿತು, ಹಾಗೇ ನಡೆದುಕೊಳ್ಳಬೇಕೆಂದು ಬಯಸಿತು. ಪಟೇಲರ ಅತಿಥಿಗೆ ದಲಿತರ ಕೇರಿಯ ಬದುಕು ಅಷ್ಟಾಗಿ ತೆರೆದುಕೊಳ್ಳಲಿಲ್ಲ. ತಾನು ಊರನ್ನು ಮೇಲ್ಜಾತಿಗಳ ಕಡೆಯಿಂದ ಕಂಡೆನೆಂದು ಅವರೇ ಒಪ್ಪಿಕೊಂಡರು. ತಮ್ಮ ಅಧ್ಯಯನದ ಕೊರತೆಯನ್ನು ಮುಚ್ಚಿಡದೆ ಬರೆದದ್ದು, ನನ್ನ ಪ್ರಕಾರ, ಆ ಪರಿಕಲ್ಪನೆಯಷ್ಟೇ ದೊಡ್ಡದು. ನಮ್ಮ ವರದಿಗಳಲ್ಲಿ ‘ಮಿತಿಗಳು’ ಎಂಬ ಭಾಗ ಎರಡು ಸಾಲಿಗೇ ಮುಗಿದುಹೋಗುತ್ತದೆ.

1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರಿದ್ದ ಕಟ್ಟಡಕ್ಕೆ ಯಾರೋ ಬೆಂಕಿ ಇಟ್ಟರು. ವರ್ಷಗಟ್ಟಲೆ ಒಪ್ಪಗೊಳಿಸಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು ಸುಟ್ಟುಹೋದವು. ನೆನಪಿನಿಂದಲೇ ಬರೆಯುವಂತೆ ಮಾನವಶಾಸ್ತ್ರಜ್ಞ ಸೋಲ್ ಟ್ಯಾಕ್ಸ್ ಸೂಚಿಸಿದರು. ಊರಿನಲ್ಲಿ ಬಾಳಿದವರಿಗೆ ಊರು ನೆನಪಿತ್ತು. ‘ದಿ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಹೊರಬಂತು.