ಓಲೆಗರಿಯಿಂದ ಓದುಗನ ಕೈಗೆ: ಫ. ಗು. ಹಳಕಟ್ಟಿಯವರ ಗ್ರಂಥೋದ್ಯೋಗ

ಹಸ್ತಪ್ರತಿಯ ಕೊನೆಯ ಪುಟವನ್ನು ಬರೆದು ಲೇಖನಿಯನ್ನು ಕೆಳಗಿಟ್ಟೊಡನೆ ಗ್ರಂಥವು ಮುಗಿಯಿತೆಂದು ತಿಳಿಯುವ ತರುಣ ಲೇಖಕರು ಇಂದಿಗೂ ಕಡಮೆಯಿಲ್ಲ. ಪ್ರಕಾಶಕನು ದೊರೆಯಲಿಲ್ಲ, ದೊರೆತವನು ಮಾರಲಿಲ್ಲ, ಕೊಂಡವರು ಓದಲಿಲ್ಲ ಎಂಬ ಕೊರಗುಗಳು ಅವರಲ್ಲಿ ಒಂದರ ಬೆನ್ನಿಗೊಂದು ಹುಟ್ಟುತ್ತವೆ. ಇಂಥವರು ಅವಶ್ಯವಾಗಿ ಅರಿಯತಕ್ಕ ಚರಿತ್ರೆಯೊಂದು ನಮ್ಮ ನಾಡಿನಲ್ಲಿಯೇ ಉಂಟು. ಅದು ವಚನಪಿತಾಮಹರೆಂದು ಕನ್ನಡಿಗರು ಗೌರವಿಸುವ ಫಕೀರಪ್ಪ ಗುರುಬಸಪ್ಪ ಹಳಕಟ್ಟಿಯವರ ಚರಿತ್ರೆ. ಅವರು ಸ್ವತಂತ್ರ ಕಾವ್ಯವನ್ನು ಬರೆದು ಹೆಸರಾದವರಲ್ಲ. ಪರರ ನುಡಿಯನ್ನು ಹುಡುಕಿ, ತಿದ್ದಿ, ಅಚ್ಚಿಸಿ, ಜನರ ಮನೆಗೆ ಮುಟ್ಟಿಸಿದವರು. ಆದುದರಿಂದಲೇ ಗ್ರಂಥವೊಂದು ಹುಟ್ಟುವ ಕಷ್ಟವೆಲ್ಲವೂ ಅವರ ಬಾಳಿನಲ್ಲಿ ನಿಚ್ಚಳವಾಗಿ ಕಾಣುತ್ತದೆ.

ಹಳಕಟ್ಟಿಯವರು 1880ರ ಜುಲೈ 2ರಂದು ಧಾರವಾಡದಲ್ಲಿ ಜನಿಸಿದರು. ತಂದೆ ಗುರುಬಸಪ್ಪನವರು ಶಿಕ್ಷಕರು, ಲೇಖಕರು, ತಾಯಿ ದಾನಮ್ಮನವರು. ಉಚ್ಚ ಶಿಕ್ಷಣಕ್ಕೆ ಮುಂಬಯಿಗೆ ಹೋದಾಗ ಅಲ್ಲಿಯ ಮರಾಠಿಗರು, ಗುಜರಾತಿಗಳು ತಮ್ಮ ತಮ್ಮ ಭಾಷೆಗೆ ತೋರುತ್ತಿದ್ದ ಅಭಿಮಾನವು ಅವರ ಮನಸ್ಸನ್ನು ಕಲಕಿತು. 1904ರಲ್ಲಿ ಕಾನೂನು ಪದವಿಯನ್ನು ಪಡೆದು, ಬೆಳಗಾವಿಯಲ್ಲಿ ಕೆಲಕಾಲವಿದ್ದು, ವಿಜಾಪುರದಲ್ಲಿ ವಕೀಲಿಯನ್ನು ಹಿಡಿದರು. ಆ ವೃತ್ತಿಯಲ್ಲಿ ನೆಲೆನಿಂತಿದ್ದರೆ ಧನಿಕರಾಗಿಯೇ ಬಾಳಬಹುದಾಗಿತ್ತು. 1910ರಲ್ಲಿ ಸ್ಥಾಪಿತವಾದ ವಿಜಾಪುರ ಜಿಲ್ಲೆಯ ಲಿಂಗಾಯತ ವಿದ್ಯಾವರ್ಧಕ ಸಂಸ್ಥೆ, ಅನಂತರದ ಸಿದ್ಧೇಶ್ವರ ಬ್ಯಾಂಕು ಮೊದಲಾದ ಲೋಕೋಪಯೋಗಿ ಕಾರ್ಯಗಳಲ್ಲಿ ಅವರ ಕೈ ಇತ್ತು. ಇವೆಲ್ಲವೂ ವಿಸ್ತಾರವಾಗಿ ಹೇಳತಕ್ಕವೇ. ಪ್ರಕೃತಕ್ಕೆ ಅವರ ಗ್ರಂಥೋದ್ಯೋಗವೇ ಮುಖ್ಯ.

ವಚನಗಳ ಓಲೆಗರಿಯ ಕಟ್ಟುಗಳು ಅವರ ಕಣ್ಣಿಗೆ ಬಿದ್ದುದು ತಾರುಣ್ಯದಲ್ಲಿ. ಅಲ್ಲೊಂದು ಇಲ್ಲೊಂದು ವಚನಗ್ರಂಥವು ಅಚ್ಚಾಗಿದ್ದರೂ ಬಹುಭಾಗವು ಮಠಗಳಲ್ಲಿ, ಭಕ್ತರ ಮನೆಗಳಲ್ಲಿ ಓಲೆಯ ಮೇಲೆಯೇ ಉಳಿದಿತ್ತು. ಹಲವೆಡೆ ಅವು ಜಗಲಿಯ ಮೇಲಿದ್ದು ಪೂಜೆಗೊಳ್ಳುತ್ತಿದ್ದುವೇ ಹೊರತು ಬಿಚ್ಚಿ ಓದುವವರಿರಲಿಲ್ಲ. ಹಳಕಟ್ಟಿಯವರು ಊರೂರು ತಿರುಗಿ ಈ ಕಟ್ಟುಗಳನ್ನು ಕೂಡಿಸಿದರು. ಓಲೆಗರಿಯನ್ನು ಓದುವುದು ಸುಲಭವಲ್ಲ. ಪದಪದಗಳ ನಡುವೆ ಬಿಡುವಿಲ್ಲ. ಹ್ರಸ್ವ ದೀರ್ಘಗಳ ಭೇದವು ಎಷ್ಟೋ ಕಡೆ ತೋರದು. ಲಿಪಿಕಾರನ ಕೈತಪ್ಪು ಯಾವುದು, ಹಿಂದಿನವರ ಪ್ರಯೋಗ ಯಾವುದು ಎಂಬುದನ್ನು ಪ್ರತಿಗೆ ಪ್ರತಿ ಹಿಡಿದು ನೋಡಿಯೇ ನಿಶ್ಚಯಿಸಬೇಕು. ವಚನದ ಕೊನೆಯ ಅಂಕಿತದಿಂದ ಕರ್ತೃವನ್ನು ಗುರುತಿಸಬಹುದಾದರೂ ಒಂದೇ ವಚನವು ಒಂದೊಂದು ಪ್ರತಿಯಲ್ಲಿ ಒಂದೊಂದು ರೂಪದಲ್ಲಿ ದೊರೆಯುವುದುಂಟು. ವಕೀಲಿಯ ದುಡಿಮೆಯ ಜೊತೆಗೆ ಅವರು ಈ ಶ್ರಮವನ್ನು ವರ್ಷಗಟ್ಟಲೆ ನಡೆಸಿದರು. ಮೊದಲಿಗೆ ಐವತ್ತರಷ್ಟು ವಚನಕಾರರ ಹೆಸರುಗಳು ಮಾತ್ರ ಪರಿಚಿತವಾಗಿದ್ದುವು. ಅವರ ಶೋಧನೆಯಿಂದ ಆ ಸಂಖ್ಯೆಯು ಇನ್ನೂರೈವತ್ತನ್ನು ಮುಟ್ಟಿತು.

ಗ್ರಂಥವನ್ನು ಹೊರತರುವ ಮೊದಲೇ ಅದನ್ನು ಬಯಸುವ ಓದುಗರನ್ನು ಸಿದ್ಧಗೊಳಿಸುವುದು ಅಗತ್ಯವೆಂಬ ವಿವೇಕವೂ ಅವರಲ್ಲಿತ್ತೆಂದು ತೋರುತ್ತದೆ. 1922ರಲ್ಲಿ ಬಸವಣ್ಣನವರ ವಚನಗಳನ್ನು ಇಂಗ್ಲಿಷಿಗೆ ತಿರುಗಿಸಿ ‘ಇಂಡಿಯನ್ ಆಂಟಿಕ್ವರಿ’ ಎಂಬ ವಿದ್ವತ್ಪತ್ರಿಕೆಯಲ್ಲಿ ಪ್ರಕಟಿಸಿದರು. ಕನ್ನಡವರಿಯದ ವಿದ್ವಾಂಸರಿಗೂ ಹೀಗೆ ಈ ಸಾಹಿತ್ಯದ ಸುಳಿವು ಸಿಕ್ಕಿತು. ಇತ್ತ ‘ವಚನಶಾಸ್ತ್ರಸಾರ’ದ ಪ್ರಥಮ ಭಾಗವು ಸಿದ್ಧವಾಗಿತ್ತು. ಕರ್ತೃಗಳ ಕ್ರಮದಲ್ಲಿ ಸುಮ್ಮನೆ ಜೋಡಿಸದೆ ವಚನಗಳನ್ನು ವಿಷಯಾನುಸಾರವಾಗಿ ವಿಂಗಡಿಸಿದ್ದುದು ಈ ಗ್ರಂಥದ ಹೆಚ್ಚುಗಾರಿಕೆ. ಬರೆಯುವವನು ಓದುಗನ ಸ್ಥಾನದಲ್ಲಿ ಕುಳಿತು ಆಲೋಚಿಸಿದುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನವು ಬೇಕಿಲ್ಲ. ಭಕ್ತಿಯ ಮಾತು ಬೇಕಾದವನಿಗೆ ಭಕ್ತಿಯ ಮಾತು, ಆಚಾರದ ಮಾತು ಬೇಕಾದವನಿಗೆ ಆಚಾರದ ಮಾತು ಅಲ್ಲಿ ಒಂದೆಡೆ ದೊರೆಯುತ್ತದೆ.

ಆದರೆ ಅಚ್ಚಿಸುವವರು ಯಾರು? ಆ ಕಾಲದಲ್ಲಿ ಅಂದವಾದ ಕನ್ನಡ ಮುದ್ರಣಕ್ಕೆ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯವು ಹೆಸರುವಾಸಿ. ಹಳಕಟ್ಟಿಯವರು ಹಸ್ತಪ್ರತಿಯನ್ನು ಅಲ್ಲಿಗೆ ಕಳುಹಿಸಿದರು. ಅದು ಅಚ್ಚಾಗದೆ ಹಿಂದಕ್ಕೆ ಬಂದಿತು. ಹಿಂದಕ್ಕೆ ಬಂದ ಹಸ್ತಪ್ರತಿಯನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕುವವರೇ ಲೇಖಕರಲ್ಲಿ ಹೆಚ್ಚು. ಹಳಕಟ್ಟಿಯವರು ಎದೆಗುಂದಲಿಲ್ಲ. ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ 1923ರಲ್ಲಿ ಆ ಗ್ರಂಥವು ಬೆಳಕನ್ನು ಕಂಡಿತು.

ಒಂದು ಗ್ರಂಥಕ್ಕೇ ಇಷ್ಟು ಪಾಡಾದರೆ ಮನೆಯಲ್ಲಿ ರಾಶಿಬಿದ್ದ ಉಳಿದ ಕಟ್ಟುಗಳ ಗತಿಯೇನು? ಪರರ ಮುದ್ರಣಾಲಯವನ್ನು ನಂಬಿ ಕುಳಿತರೆ ಜನ್ಮವೊಂದು ಸಾಲದೆಂದು ಅವರಿಗೆ ಮನವರಿಕೆಯಾಯಿತು. ತಮ್ಮ ವಾಸದ ಮನೆಯನ್ನು ಮಾರಿದರು. ಆ ಹಣದಿಂದ 1925ರಲ್ಲಿ ವಿಜಾಪುರದಲ್ಲಿ ‘ಹಿತಚಿಂತಕ’ ಮುದ್ರಣಾಲಯವನ್ನು ತೆರೆದರು. ಮುದ್ರಣಾಲಯವೆಂದರೆ ಯಂತ್ರವೊಂದೇ ಅಲ್ಲ. ಸೀಸದ ಮೊಳೆಗಳನ್ನು ಒಂದೊಂದಾಗಿ ಜೋಡಿಸಬೇಕು. ಕನ್ನಡದ ಒತ್ತಕ್ಷರ ಗುಣಿತಾಕ್ಷರಗಳಿಗೆ ಬೇರೆ ಬೇರೆ ಮೊಳೆಗಳು ಬೇಕು. ಕರಡಚ್ಚನ್ನು ಎರಡು ಮೂರು ಸಲ ತಿದ್ದಬೇಕು. ಒಂದು ಫಾರಂ ಅಚ್ಚಾದ ಬಳಿಕ ಮೊಳೆಗಳನ್ನು ಕಳಚಿ ಮತ್ತೊಂದಕ್ಕೆ ಕೈಹಾಕಬೇಕು. ಕಾಗದದ ಬೆಲೆ, ಕೆಲಸಗಾರರ ಸಂಬಳ ಯಾರಿಗಾಗಿಯೂ ಕಾಯುವುದಿಲ್ಲ.

1926ರಲ್ಲಿ ‘ಶಿವಾನುಭವ’ ಪತ್ರಿಕೆಯು ಹೊರಟಿತು. ಮರುವರ್ಷ ‘ನವಕರ್ನಾಟಕ’ ವಾರಪತ್ರಿಕೆ. ಗ್ರಂಥಪ್ರಕಾಶನದ ದೃಷ್ಟಿಯಿಂದ ‘ಶಿವಾನುಭವ’ವು ಅವರ ಎಲ್ಲಕ್ಕಿಂತ ಜಾಣತನದ ಹೆಜ್ಜೆ. ದೊಡ್ಡ ಗ್ರಂಥವನ್ನು ಒಮ್ಮೆಲೇ ಕೊಳ್ಳಲಾರದ ಶಾಲಾ ಮಾಸ್ತರನಿಗೂ ಪತ್ರಿಕೆಯ ಚಂದಾ ಭಾರವಲ್ಲ. ಸಂಚಿಕೆಯಿಂದ ಸಂಚಿಕೆಗೆ ಓದುತ್ತ ಹೋದವನಿಗೆ ರುಚಿ ಹತ್ತುತ್ತದೆ. ಅಂಥವನೇ ನಾಳೆ ಗ್ರಂಥವನ್ನೂ ಕೊಳ್ಳುವವನು. ಅಚ್ಚಿನ ಖರ್ಚೂ ಒಮ್ಮೆಗೇ ಮೈಮೇಲೆ ಬೀಳದೆ ಹಂಚಿಹೋಗುತ್ತದೆ. ಇಂದು ಮೊದಲ ಪುಸ್ತಕದಿಂದಲೇ ಸಾವಿರ ಓದುಗರನ್ನು ಬಯಸುವವರು, ಮೂರು ದಶಕಗಳಿಗೂ ಹೆಚ್ಚು ಕಾಲ ನಡೆದ ಈ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಒಮ್ಮೆ ತಿರುವಿ ನೋಡುವುದು ಒಳ್ಳೆಯದು. ಹರಿಹರನ ರಗಳೆಗಳು ಕನ್ನಡಿಗರಿಗೆ ಮರಳಿ ದೊರೆತುದರಲ್ಲಿಯೂ ಹಳಕಟ್ಟಿಯವರ ಪಾಲು ದೊಡ್ಡದು.

ಅದೇ ಕಾಲದಲ್ಲಿ ಅದೇ ಸೀಮೆಯ ಗಳಗನಾಥರು ತಮ್ಮ ಕಾದಂಬರಿಗಳ ಗಂಟನ್ನು ತಾವೇ ಹೊತ್ತು ಊರೂರು ಅಲೆದು ಮಾರುತ್ತಿದ್ದರು. ಗ್ರಂಥಕರ್ತನು ತನ್ನ ಪುಸ್ತಕವನ್ನು ಮಾರುವುದು ಮಾನಹಾನಿಯೆಂದು ಆ ಹಿರಿಯರು ಭಾವಿಸಲಿಲ್ಲ. ಹಳಕಟ್ಟಿಯವರೂ ಹಾಗೆಯೇ. ಹಳೆಯ ಕೋಟು ತೊಟ್ಟು ಸೈಕಲ್ಲಿನ ಮೇಲೆ ವಿಜಾಪುರದ ಬೀದಿಗಳಲ್ಲಿ ಓಡಾಡುತ್ತಿದ್ದ ಈ ವಕೀಲರೇ 1926ರಲ್ಲಿ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನೂ ಅಲಂಕರಿಸಿದರು. ವಿಜಾಪುರಕ್ಕೆ ಬಂದ ಬಿ. ಎಂ. ಶ್ರೀಕಂಠಯ್ಯನವರು ಗೋಳಗುಮ್ಮಟಕ್ಕಿಂತ ಮೊದಲು ವಚನದ ಗುಮ್ಮಟವನ್ನು ನೋಡಬೇಕೆಂದು ಇವರ ಮನೆಗೆ ಬಂದರೆಂಬ ಸಂಗತಿಯು ಆ ಭಾಗದಲ್ಲಿ ಪ್ರಚಲಿತವಾಗಿದೆ.

ಇನ್ನೊಂದು ಮಾತನ್ನು ಮರೆಮಾಚಬಾರದು. ಈ ಉದ್ಯೋಗವು ಅವರಿಗೆ ಸಂಪತ್ತನ್ನು ತರಲಿಲ್ಲ, ಇದ್ದುದನ್ನೂ ತೆಗೆದುಕೊಂಡಿತು. ವಚನಗಳ ಹೆಸರಿನಲ್ಲಿ ಉತ್ಸವ ನಡೆಸುವಷ್ಟು ಶಕ್ತಿಯಿದ್ದ ಸಮಾಜವು ವಚನಗಳನ್ನು ಅಚ್ಚಿಸಲು ಒಬ್ಬನು ತನ್ನ ಮನೆಯನ್ನು ಮಾರುವುದನ್ನು ನೋಡುತ್ತ ಕುಳಿತಿತು. ಅವರ ತ್ಯಾಗವನ್ನು ಹೊಗಳುವುದು ಸುಲಭ. ಆದರೆ ಆ ಬಡತನವನ್ನು ಅವರೊಬ್ಬರೇ ಉಣ್ಣಲಿಲ್ಲ, ಅವರ ಮಡದಿ ಮಕ್ಕಳೂ ಉಂಡರು. ಆಗ ಅವರ ಗ್ರಂಥಗಳನ್ನು ಶಾಲೆಗೆ ನೂರು, ಮಠಕ್ಕೆ ನೂರು ಎಂದು ಬೆಲೆಕೊಟ್ಟು ಕೊಳ್ಳುವ ಪದ್ಧತಿಯಿದ್ದಿದ್ದರೆ ಮನೆಯೂ ಉಳಿಯುತ್ತಿತ್ತು, ಇನ್ನಷ್ಟು ಗ್ರಂಥಗಳೂ ಹೊರಬರುತ್ತಿದ್ದುವು. ದಾನಿಗಳು ಕಟ್ಟಡಕ್ಕೆ ಕೊಡುವಂತೆ ಗ್ರಂಥಕ್ಕೂ ಕೊಡುವುದು ಅಂದು ವಿರಳವಾಗಿತ್ತು. ಇಂದೂ ವಿರಳವಾಗಿಯೇ ಇದೆ.

ಅವರ ಪಾಠಗಳಲ್ಲಿ ಕೆಲವನ್ನು ಮುಂದಿನ ಸಂಪಾದಕರು ಹೆಚ್ಚಿನ ಹಸ್ತಪ್ರತಿಗಳ ಆಧಾರದಿಂದ ತಿದ್ದಿದ್ದಾರೆ. ಇದು ಕುಂದಲ್ಲ. ಸರ್ವಶುದ್ಧವಾದ ಪ್ರತಿಗಾಗಿ ಅವರು ಕಾದು ಕುಳಿತಿದ್ದರೆ ತಿದ್ದುವುದಕ್ಕೂ ಮುಂದಿನವರಿಗೆ ಏನೂ ಉಳಿಯುತ್ತಿರಲಿಲ್ಲ. ಗೆದ್ದಲು ತನ್ನ ಕೆಲಸವನ್ನು ಮುಗಿಸಿರುತ್ತಿತ್ತು. ಅಲ್ಲಮಪ್ರಭುವಿನ ಬಳ್ಳಿಗಾವೆಯೂ ಅಕ್ಕಮಹಾದೇವಿಯ ಉಡುತಡಿಯೂ ನಮ್ಮ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲೂಕಿನಲ್ಲಿಯೇ ಇವೆ. ಆದರೂ ಹೊಸಮನೆಯ ವಿದ್ಯಾರ್ಥಿಯು ಇಂದು ಅವರ ವಚನಗಳನ್ನು ಅಚ್ಚಿನಲ್ಲಿ ಸಲೀಸಾಗಿ ಓದುತ್ತಿದ್ದರೆ, ಅದರ ಹಿಂದೆ ಆಗ ಬೇರೊಂದು ಆಡಳಿತಕ್ಕೆ ಸೇರಿದ್ದ ವಿಜಾಪುರದ ಈ ವಕೀಲರ ದುಡಿಮೆಯಿದೆ.

ಕರ್ನಾಟಕ ವಿಶ್ವವಿದ್ಯಾಲಯವು 1956ರಲ್ಲಿ ಅವರಿಗೆ ಗೌರವ ಡಾಕ್ಟರೇಟನ್ನು ನೀಡಿತು. ಆಗ ಅವರಿಗೆ ಎಪ್ಪತ್ತಾರರ ಪ್ರಾಯ. ಎಂಬತ್ತನಾಲ್ಕು ತುಂಬಲು ಮೂರು ದಿನಗಳಿರುವಾಗ, 1964ರ ಜೂನ್ 29ರಂದು, ಅವರು ಲಿಂಗೈಕ್ಯರಾದರು. ಅವರು ಕಟ್ಟಿ ಬೆಳೆಸಿದ ವಿಜಾಪುರದ ವಿದ್ಯಾಸಂಸ್ಥೆಯೇ ಅವರ ಬರೆಹಗಳನ್ನೆಲ್ಲ ಕೂಡಿಸಿ, ಸಮಗ್ರ ಸಾಹಿತ್ಯವೆಂಬ ಹೆಸರಿನಲ್ಲಿ ಸಂಪುಟ ಸಂಪುಟವಾಗಿ ಅಚ್ಚಿಸಿತು.