ಎಸ್. ಎಂ. ಪಂಡಿತ: ಮನೆಮನೆಯ ಚಿತ್ರಕಾರ

ಕಲಬುರ್ಗಿ, ಉಮರ್ಗಾ, ನಿಲಂಗಾ, ಉದಗೀರಗಳೆಲ್ಲ ಹೈದರಾಬಾದ್ ಸಂಸ್ಥಾನದ ಆಳ್ವಿಕೆಯಲ್ಲಿದ್ದ ಕಾಲವದು. 1916ರ ಮಾರ್ಚ್ 25ರಂದು ಸಾಂಬಾನಂದ ಮೋನಪ್ಪ ಪಂಡಿತರು ಕಲಬುರ್ಗಿಯಲ್ಲಿ ಜನಿಸಿದರು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಕಲಬುರ್ಗಿ ಕನ್ನಡನಾಡಿಗೂ ಉಳಿದ ಮೂರು ಊರುಗಳು ಅತ್ತಕಡೆಗೂ ಸೇರಿದವು. ಪಂಡಿತರ ಚಿತ್ರಗಳಿಗೆ ಮಾತ್ರ ಆ ಗಡಿ ಅಡ್ಡಬರಲಿಲ್ಲ.

ಕಲಬುರ್ಗಿಯ ಶಂಕರರಾವ್ ಆಳಂದಕರರು ಅವರಿಗೆ ಮೊದಲ ಗುರುಗಳು. ಮುಂದೆ ಮದರಾಸಿನ ಕಲಾಶಾಲೆಯಲ್ಲಿಯೂ, ಮುಂಬಯಿಯಲ್ಲಿ ಕನ್ನಡಿಗರೇ ಆದ ದಂಡಾವತಿಮಠರ ನೂತನ ಕಲಾಮಂದಿರದಲ್ಲಿಯೂ, ಜೆ. ಜೆ. ಕಲಾಶಾಲೆಯಲ್ಲಿಯೂ ಅಭ್ಯಾಸ ನಡೆಯಿತು. ಶರೀರರಚನೆ, ನೆರಳು ಬೆಳಕುಗಳ ಹದ, ವಸ್ತ್ರದ ಮಡಿಕೆ ಇವೆಲ್ಲವನ್ನೂ ಅವರು ಪಾಶ್ಚಾತ್ಯ ವಾಸ್ತವ ಶೈಲಿಯ ಶಿಸ್ತಿನಲ್ಲಿ ಕಲಿತರು.

ಆಗ ಮುಂಬಯಿಯಲ್ಲಿ ಚಿತ್ರಕಾರನಿಗೆ ಅನ್ನವಿತ್ತದ್ದು ಅರಮನೆಯಲ್ಲ, ಚಲನಚಿತ್ರ. 1938ರಲ್ಲಿ ಮೆಟ್ರೋ ಚಿತ್ರಮಂದಿರ ತೆರೆದಾಗ ಹಾಲಿವುಡ್ ಚಿತ್ರಗಳಿಗೆ ಪಂಡಿತರು ಬರೆದ ಪ್ರದರ್ಶನ ಫಲಕಗಳು ನೋಡುಗರನ್ನು ಸೆಳೆದವು. ಕಪ್ಪುಬಿಳುಪು ತಾರೆಯರಿಗೆ ಅವರ ಕುಂಚ ಬಣ್ಣದ ಮೈಯನ್ನು ಕೊಟ್ಟಿತು. ಫಿಲ್ಮ್‌ಇಂಡಿಯಾ ಪತ್ರಿಕೆಯ ಮುಖಪುಟಗಳು ಅವರ ಹೆಸರನ್ನು ದೇಶಕ್ಕೆಲ್ಲ ತಲುಪಿಸಿದವು. ಬಳಿಕ ಬಂದದ್ದು ಕ್ಯಾಲೆಂಡರುಗಳ ಯುಗ. ರಾಧಾಕೃಷ್ಣ, ನಳದಮಯಂತಿ, ವಿಶ್ವಾಮಿತ್ರ ಮೇನಕೆಯರು ಉಸಿರಾಡುವ ಮನುಷ್ಯರಂತೆ ಮನೆಯ ಗೋಡೆಗಿಳಿದರು. ವರ್ಷ ಮುಗಿದು ತಾರೀಖಿನ ಹಾಳೆಗಳು ಹರಿದುಹೋದರೂ ಮೇಲಿನ ಚಿತ್ರ ಚೌಕಟ್ಟಿನೊಳಗೆ ಸೇರಿ ಪೂಜೆಗೊಳ್ಳುತ್ತಿತ್ತು.

ಅದೇ ನಗರದಲ್ಲಿ 1947ರಲ್ಲಿ ಸೂಜಾ, ರಝಾ, ಹುಸೇನ್ ಮೊದಲಾದವರ ಪ್ರಗತಿಶೀಲ ಕಲಾವಿದರ ಗುಂಪು ಹುಟ್ಟಿತು. ಕಲಾಲೋಕದ ಮಾನದಂಡಗಳೇ ಬದಲಾದವು. ಕಂಡದ್ದನ್ನು ಕಂಡಂತೆ ಬರೆಯುವ ಕೌಶಲ ಹಿಂದಾಯಿತು; ರೂಪವನ್ನು ಒಡೆದು ಕಟ್ಟುವ ಧೈರ್ಯ ಮುಂದಾಯಿತು. ಲಕ್ಷಾಂತರ ಮನೆಗಳು ಬಲ್ಲ ಚಿತ್ರಗಳನ್ನು ವಿಮರ್ಶೆಯು ಕ್ಯಾಲೆಂಡರ್ ಕಲೆಯೆಂದು ಬದಿಗಿರಿಸಿತು. ಹುಸೇನರೂ ಸಿನಿಮಾ ಫಲಕಗಳನ್ನು ಬರೆದೇ ಬದುಕು ಕಟ್ಟಿಕೊಂಡವರು. ಆದರೆ ಅವರು ಆ ಕೆಲಸವನ್ನು ದಾಟಿ ಹೊಸ ಕಲೆಯ ಕಡೆಗೆ ನಡೆದರು. ಪಂಡಿತರು ತಮ್ಮ ಶೈಲಿಯನ್ನು ಬಿಡಲಿಲ್ಲ. ಅದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ: ಆಧುನಿಕ ಭಾರತೀಯ ಚಿತ್ರಕಲೆಯ ಚರಿತ್ರೆಗಳಲ್ಲಿ ಅವರಿಗೆ ದೊರೆತ ಸ್ಥಳ ಬಹು ಕಿರಿದು.

1960ರ ದಶಕದ ಉತ್ತರಾರ್ಧದಲ್ಲಿ ಮುಂಬಯಿಯ ದುಡಿಮೆಯನ್ನು ತೊರೆದು ಅವರು ಕಲಬುರ್ಗಿಗೆ ಮರಳಿದರು. ಗಿರಾಕಿಯ ಗಡುವಿಲ್ಲದ ಆ ವರ್ಷಗಳಲ್ಲಿ ಪುರಾಣವಸ್ತುಗಳ ದೊಡ್ಡ ತೈಲಚಿತ್ರಗಳು ಮೂಡಿದವು. 1978ರಲ್ಲಿ ಲಂಡನ್ನಿನಲ್ಲಿ ಪ್ರದರ್ಶನವಾಯಿತು. ಕನ್ಯಾಕುಮಾರಿಗಾಗಿ ಬರೆದ ವಿವೇಕಾನಂದರ ಚಿತ್ರ ಅವರ ಕೊನೆಗಾಲದ ಕೃತಿಗಳಲ್ಲೊಂದು. 1993ರ ಮಾರ್ಚ್ 30ರಂದು ಅವರು ನಿಧನರಾದರು.

ಚಿತ್ರವೊಂದು ಕಲೆಯೋ ಕಸುಬೋ ಎಂಬುದನ್ನು ಕುಂಚಕ್ಕಿಂತ ಹೆಚ್ಚಾಗಿ ಅದನ್ನು ತೂಗುಹಾಕಿದ ಗೋಡೆಯೇ ನಿರ್ಧರಿಸುತ್ತದೆಯೇ? ಗ್ಯಾಲರಿ ಮತ್ತು ಹರಾಜುಗಳ ಇಂದಿನ ಕಾಲದಲ್ಲಿ ಬರೆಯತೊಡಗುವ ಪ್ರತಿಯೊಬ್ಬ ಚಿತ್ರಕಾರನಿಗೂ ಪಂಡಿತರ ಬಾಳು ಈ ಪ್ರಶ್ನೆಯನ್ನು ಉಳಿಸಿಹೋಗಿದೆ. ಕಲಬುರ್ಗಿಯ ರಂಗಮಂದಿರ ಇಂದು ಅವರ ಹೆಸರನ್ನು ಹೊತ್ತು ನಿಂತಿದೆ. ಹಳೆಯ ಮನೆಗಳ ದೇವರ ಕೋಣೆಗಳಲ್ಲಿ ಮಸಿಹಿಡಿದ ಗಾಜಿನ ಹಿಂದೆ ಅವರ ಸಹಿಯನ್ನು ಇನ್ನೂ ಕಾಣಬಹುದು.